ಹೆಸರು ಹೇಳದೆ ಹೇಳಿದ್ದು

ಹೋದ ವಾರ ಸಕ್ಕರೆ ಪರೀಕ್ಷೆ ಮಾಡಿಸಲು ಶಿಗ್ಗಾಂವಕ್ಕೆ ಹೋಗಿದ್ದೆ. ಹೆದ್ದಾರಿಯ ಪಕ್ಕದ ಸಣ್ಣ ಲ್ಯಾಬು. ಹೊರಗೆ ಮಳೆ ಹಿಡಿದಿತ್ತು. ಲ್ಯಾಬಿನ ಹುಡುಗಿ ನನ್ನ ತೋಳನ್ನು ಮೇಜಿನ ಮೇಲೆ ಚಾಚಿಸಿ, ರಬ್ಬರಿನ ಪಟ್ಟಿ ಬಿಗಿದು, ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಿದಳು. ತೆರೆದ ಬಾಗಿಲಿನಿಂದ ಬರುತ್ತಿದ್ದ ಒದ್ದೆ ಮಣ್ಣಿನ ವಾಸನೆಗೆ ಆ ಸ್ಪಿರಿಟ್ಟಿನ ವಾಸನೆ ಸೇರಿಕೊಂಡಿತು.

“ನೋವಾತೇನ್ರಿ ಅಕ್ಕಾರ?” ಎಂದು ಕೇಳಿದಳು.

ಅವಳು ಇನ್ನೂ ಸೂಜಿಯನ್ನು ಕೈಗೆತ್ತಿಕೊಂಡೇ ಇರಲಿಲ್ಲ. ನನ್ನ ಮುಖ ಹಾಗೆ ಕಿವುಚಿಕೊಂಡಿತ್ತೇನೋ. ಏನಿಲ್ಲ ಎಂದೆ. ಆದರೆ ಅವೆರಡು ವಾಸನೆಗಳು ಒಟ್ಟಿಗೆ ಬಂದರೆ ನನಗೆ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಬಂದು ಎದುರಿಗೆ ನಿಲ್ಲುತ್ತದೆ.

ನಾನು ಸವಣೂರಿನವಳು, ಶಮೀಮ. ಅಪ್ಪ ವೀಳ್ಯದೆಲೆಯ ವ್ಯಾಪಾರಿಯಾಗಿದ್ದರು. ಮನೆಮಾತು ಉರ್ದುವಾದರೂ ನಾನು ಓದಿದ್ದು ಕನ್ನಡ, ಮೂವತ್ತು ವರ್ಷ ಮಕ್ಕಳಿಗೆ ಓದಿಸಿದ್ದೂ ಕನ್ನಡ. ಅದರಲ್ಲಿ ಹನ್ನೊಂದು ವರ್ಷ ಹತ್ತಿಮತ್ತೂರಿನ ಶಾಲೆಯಲ್ಲಿ ಕಳೆದೆ. ಮದುವೆಯಾಗಲಿಲ್ಲ, ಅಮ್ಮಾ ಮತ್ತು ನಾನು ಇಬ್ಬರೇ. ನಾನು ನಿವೃತ್ತಳಾದ ವರ್ಷವೇ ಅಮ್ಮಾ ತೀರಿಕೊಂಡರು. ಎದೆಯಲ್ಲಿ ಎದ್ದ ಗಡ್ಡೆಯನ್ನು ಅವರು ಒಂದೂವರೆ ವರ್ಷ ಯಾರಿಗೂ ತೋರಿಸಿರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನನಗೂ ತೋರಿಸಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಅವರ ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಪರಿಚಯದವರೊಬ್ಬರು ಡಾಕ್ಟರ್ ವೀಣಾ ಎಂಬವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು. ಮೈಸೂರಿನ ಕಡೆಯ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಲ್ಕು ತಾಲೂಕುಗಳಲ್ಲಿ ಒಂದು ಸಂಶೋಧನೆ ನಡೆಸಲು ಬಂದಿದ್ದರು. ಜನ ತಿನ್ನುವ, ಉಸಿರಾಡುವ, ದುಡಿಯುವ ರೀತಿಯಿಂದ ಎಷ್ಟು ಕ್ಯಾನ್ಸರ್ ಬರುತ್ತದೆ, ರಕ್ತಸಂಬಂಧದಿಂದ ಎಷ್ಟು ಬರುತ್ತದೆ ಎಂದು ಹುಡುಕುವ ಕೆಲಸ. ಅದಕ್ಕೆ ರೋಗಿಗಳು ಮಾತ್ರವಲ್ಲ, ಆರೋಗ್ಯವಾಗಿರುವವರೂ ತಾವಾಗಿ ಮುಂದೆ ಬಂದು ರಕ್ತ ಕೊಡಬೇಕಿತ್ತು, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಿತ್ತು.

“ನಮ್ಮ ಅಮ್ಮಾಗೆ ಯಾಕ ಬಂತು ಅನ್ನೂದು ಇದರಿಂದ ತಿಳೀತದೇನ್ರಿ?” ಎಂದು ಕೇಳಿದೆ.

“ಇಲ್ಲ ಟೀಚರ್, ಅದನ್ನ ಹೇಳಕ್ಕಾಗಲ್ಲ,” ಎಂದರು ಅವರು. “ಸಾವಿರಾರು ಜನರನ್ನ ವರ್ಷಗಟ್ಟಲೆ ನೋಡಿದ ಮೇಲೆ, ಇಂಥವರಿಗೆ ಯಾಕೆ ಬರುತ್ತೆ ಅಂತ ಮುಂದೆ ಯಾರಾದರೂ ಹೇಳಬಹುದು.”

ಸುಳ್ಳು ಹೇಳಲಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ನಾನು ಒಪ್ಪಿದೆ. ಅಂದೇ ನನ್ನ ರಕ್ತ ಕೊಟ್ಟೆ. ಆಮೇಲೆ ಅವರ ಜೊತೆ ಹಳ್ಳಿಗಳಿಗೂ ಹೋಗತೊಡಗಿದೆ. ಇದು ನೌಕರಿಯಲ್ಲ, ನಾನಾಗಿ ವಹಿಸಿಕೊಂಡ ಕೆಲಸ. ಅವರಿಗೆ ನಮ್ಮ ಕಡೆಯ ಮಾತು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಊರೂರಿನಲ್ಲಿ ಹಳೆಯ ಶಿಷ್ಯರೂ ಇದ್ದರು.

ಜೂನಿನ ಮಿರಗಾ ಮಳೆಗೆ ಶುರುವಾದ ಕೆಲಸ. ಗೋವಿನಜೋಳದ ಬಿತ್ತನೆ, ಆಮೇಲೆ ಕಳೆ ಎಂದು ಹೆಂಗಸರು ಹೊತ್ತು ಮೂಡುತ್ತಲೇ ಹೊಲಕ್ಕೆ ಹೋಗಿಬಿಡುತ್ತಿದ್ದರು. ನಾವು ಅವರಿಗಿಂತ ಮೊದಲು ಹೋಗಬೇಕು. ಬಿಳಿ ಜೀಪು ಕೆಸರಿನಲ್ಲಿ ಸಿಕ್ಕಿಕೊಂಡರೆ ಇಳಿದು ನಡೆಯಬೇಕು. ಐಸ್ ತುಂಬಿದ ಪೆಟ್ಟಿಗೆ ಒಬ್ಬರ ಹೆಗಲಿಗೆ, ಕಾಗದದ ಚೀಲ ನನ್ನ ಹೆಗಲಿಗೆ. ಕಟ್ಟೆಯ ಮೇಲೆ ಕೂತು ಪ್ರಶ್ನೆ ಕೇಳುತ್ತಿದ್ದೆ. ದಿನಕ್ಕೆ ಎಷ್ಟು ಎಲೆ ಹಾಕುತ್ತೀರಿ, ತಂಬಾಕು ಸೇರಿಸುತ್ತೀರಾ, ಹಲ್ಲಿಗೆ ಕಡ್ಡಿಪುಡಿ ತಿಕ್ಕುತ್ತೀರಾ, ಒಲೆ ಯಾವುದು, ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವಾಗ ಹೊಲದಲ್ಲಿ ಇರುತ್ತೀರಾ, ಎಷ್ಟು ಮಕ್ಕಳಿಗೆ ಎಷ್ಟು ತಿಂಗಳು ಹಾಲು ಕುಡಿಸಿದಿರಿ. ಎಲೆ ಮಾರಿದ ದುಡ್ಡಿನಲ್ಲಿ ಓದಿದವಳು ನಾನು. ಮೊದಲ ಪ್ರಶ್ನೆ ಕೇಳುವಾಗಲೆಲ್ಲ ಸ್ವಲ್ಪ ಅಳುಕಾಗುತ್ತಿತ್ತು. ಹೆಂಗಸರು ಮೊದಮೊದಲು ನಗುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿತ್ತೇ ಎಂದು ಕೇಳಿದಾಗ ನಗು ನಿಲ್ಲುತ್ತಿತ್ತು.

ಹತ್ತಿಮತ್ತೂರಿನಲ್ಲಿ ನಾನು ಮೊದಲು ಹೋಗಿದ್ದು ಪಾರವ್ವನ ಮನೆಗೆ. ಅವಳ ಒಬ್ಬಳೇ ಮಗಳು ಸವಿತಾ ನನ್ನ ಹತ್ತಿರ ಅಕ್ಷರ ಕಲಿತವಳು. ಆಗ ಶಿಗ್ಗಾಂವದಲ್ಲಿ ಬಿ.ಎಡ್. ಓದುತ್ತಿದ್ದಳು. ಪಾರವ್ವನ ಅವ್ವ, ಚಿಕ್ಕವ್ವ, ಅಕ್ಕ ಮೂವರೂ ಎದೆಯ ಕ್ಯಾನ್ಸರಿನಿಂದ ಹೋಗಿದ್ದರೆಂದು ನನಗೆ ಗೊತ್ತಿತ್ತು. ಅಕ್ಕ ಹೋದಾಗ ನಾನೇ ಶಾಲೆಗೆ ಅರ್ಧ ದಿನ ರಜೆ ಹಾಕಿ ಮಾತಾಡಿಸಿಕೊಂಡು ಬಂದಿದ್ದೆ.

ಡಾಕ್ಟರು ಒಂದು ಹಾಳೆಯ ಮೇಲೆ ಅವರ ವಂಶದ ಚಿತ್ರ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು; ರೋಗ ಬಂದವರ ದುಂಡಿನೊಳಗೆ ಕಪ್ಪು ತುಂಬಬೇಕು. ಪಾರವ್ವ ಬಗ್ಗಿ ನೋಡಿದಳು.

“ಈ ಕರೀವು ನಮ್ಮವ್ವ, ಚಿಗವ್ವ, ಅಕ್ಕ ಏನ್ರಿ?”

“ಹೌದು ಪಾರವ್ವ,” ಎಂದೆ.

“ಈ ತೆಳಗ ಒಂದ ಐತೆಲ್ಲ, ಬರೇ ದುಂಡು?”

“ಅದು ಸವಿತಾ.”

ಅವಳು ಆ ಖಾಲಿ ದುಂಡಿನ ಮೇಲೆ ಬೆರಳಿಟ್ಟಳು. ಆಮೇಲೆ ಸೀರೆಯ ಸೆರಗು ಸರಿಸಿ ತೋಳು ಚಾಚಿದಳು. “ತಗೋರಿ. ನನ್ನ ಮಗಳಿಗೆ ಬರತೈತೋ ಇಲ್ಲೋ, ಅಷ್ಟ ಹೇಳ್ರಿ ಸಾಕು.”

ರಕ್ತ ತೆಗೆಯುವ ಮುಂಚೆ ಒಪ್ಪಿಗೆ ಪತ್ರವನ್ನು ನಾನೇ ಗಟ್ಟಿಯಾಗಿ ಓದಬೇಕಿತ್ತು, ಓದಿದೆ. ನಿಮ್ಮ ಹೆಸರು ತೆಗೆದು ಒಂದು ನಂಬರು ಹಾಕುತ್ತಾರೆ, ಫಲಿತಾಂಶವನ್ನು ಒಬ್ಬೊಬ್ಬರಿಗೆ ತಿಳಿಸುವುದಿಲ್ಲ, ಯಾವಾಗ ಬೇಕಾದರೂ ನೀವು ಇದರಿಂದ ಹಿಂದೆ ಸರಿಯಬಹುದು ಎಂದೆಲ್ಲ ಅದರಲ್ಲಿತ್ತು. ಪಾರವ್ವ ತಲೆಯಾಡಿಸುತ್ತಿದ್ದಳು. ಅವಳು ಕೇಳಿಸಿಕೊಂಡಳೋ, ಶಾಲೆಯ ಅಕ್ಕೋರು ಓದುತ್ತಿದ್ದಾರಲ್ಲ ಎಂದು ತಲೆಯಾಡಿಸಿದಳೋ ಎಂದು ನಾನು ನಿಂತು ವಿಚಾರಿಸಲಿಲ್ಲ. ಅಂದು ಇನ್ನೂ ಏಳು ಮನೆಗಳಿದ್ದವು. ಡಾಕ್ಟರು ಮಾತ್ರ ಅವಳಿಗೆ ಪ್ರತಿ ತಿಂಗಳು ಎದೆಯನ್ನು ಕೈಯಿಂದ ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದು ತೋರಿಸಿ, ವರ್ಷಕ್ಕೊಮ್ಮೆ ದೊಡ್ಡ ದವಾಖಾನೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಲು ಹೇಳಿ ಚೀಟಿ ಬರೆದುಕೊಟ್ಟರು.

ಅಲ್ಲಿಂದ ಮುಂದೆ ಸವಣೂರಿನ ಸಂತೆಗೆ ಬಂದಾಗಲೆಲ್ಲ ಪಾರವ್ವ ನಮ್ಮ ಮನೆಗೆ ಬರುತ್ತಿದ್ದಳು. “ಏನರ ತಿಳೀತೇನ್ರಿ?” ಎನ್ನುತ್ತಿದ್ದಳು. “ಅದು ಲಗೂನ ಆಗೂದಲ್ಲ ಪಾರವ್ವ,” ಎನ್ನುತ್ತಿದ್ದೆ. ಎಂದೂ ಆಗುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಶ್ರಾವಣದಲ್ಲಿ ಬಂದಾಗ ಒಂದು ಸಂತೋಷದ ಸುದ್ದಿ ಹೇಳಿದಳು. ಸವಿತಾಳಿಗೆ ಹಿರೇಕೆರೂರ ತಾಲೂಕಿನ ಕಡೆಯ ಸಂಬಂಧ ಕೂಡಿತ್ತು. ಮಾತುಕತೆ ಮುಗಿದು, ದೀಪಾವಳಿ ಆದ ಮೇಲೆ ನಿಶ್ಚಯ ಎಂದಾಗಿತ್ತು. ನಾನು ಅವಳ ಬಾಯಿಗೆ ಸಕ್ಕರೆ ಹಾಕಿದೆ. ಯಾವ ಊರು ಎಂದು ಕೇಳಲಿಲ್ಲ.

ಸೆಪ್ಟೆಂಬರಿನ ಉತ್ತರಿ ಮಳೆಯ ಹೊತ್ತಿಗೆ ನಮ್ಮ ಕೆಲಸ ಹಿರೇಕೆರೂರಿನ ಕಡೆ ಹೊರಳಿತು. ಹಂಸಭಾವಿಯ ಒಂದು ಶಾಲೆಯ ಕೋಣೆಯಲ್ಲಿ ಸುಮಾರು ನಲವತ್ತು ಹೆಂಗಸರು ಸೇರಿದ್ದರು. ಯಾರೂ ರಕ್ತ ಕೊಡಲು ಏಳುತ್ತಿರಲಿಲ್ಲ. ರಕ್ತ ಮಾರುತ್ತಾರಂತೆ ಎಂದು ಒಬ್ಬಳು ಪಿಸುಗುಟ್ಟಿದಳು. ಡಾಕ್ಟರು ನನ್ನ ಮುಖ ನೋಡಿದರು. ನನ್ನೊಳಗಿನ ಮೂವತ್ತು ವರ್ಷದ ಮಾಸ್ತರಿಕೆ ಎದ್ದು ನಿಂತಿತು.

“ಹೆದರಬ್ಯಾಡ್ರಿ ತಾಯಂದ್ರ,” ಎಂದೆ. “ಹತ್ತಿಮತ್ತೂರಾಗ ಒಂದು ಮನಿ ಐತಿ. ಆ ಮನಿಯ ಮೂರು ಮಂದಿ ಹೆಣ್ಮಕ್ಕಳು ಇದ ರೋಗದಾಗ ಹೋದ್ರು. ಅಂಥಾ ಮನಿ ತಾಯಿ, ನಮ್ಮಂಥಾ ಸಂಕಟ ಇನ್ನೊಬ್ಬರಿಗೆ ಬರೂದು ಬ್ಯಾಡ ಅಂತ ಎಲ್ಲಾರಕ್ಕಿಂತ ಮೊದಲ ಕೈ ಚಾಚಿದಳು. ಆಕೀಗೆ ಇರೂದು ಒಬ್ಬಾಕಿ ಮಗಳು, ಬಿ.ಎಡ್. ಓದಾಕತ್ತಾಳ. ಅಂಥಾಕಿ ಕೊಟ್ಟಾಳ, ನಮಗೇನು?”

ಎರಡನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು, ನನ್ನ ವಯಸ್ಸಿನವಳು, ಮೆಲ್ಲಗೆ ಕೇಳಿದಳು.

“ಯಾರ ಮನಿರಿ ಅದು?”

“ಹೆಸರು ಹೇಳಂಗಿಲ್ರಿ,” ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಹೆಮ್ಮೆಯೂ ಆಯಿತು.

ಆ ದಿನ ಇಪ್ಪತ್ತಾರು ಹೆಂಗಸರು ರಕ್ತ ಕೊಟ್ಟರು. ಜೀಪಿನಲ್ಲಿ ಬರುವಾಗ ಡಾಕ್ಟರು ನನ್ನ ಕೈ ಹಿಡಿದು, ನೀವಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂದರು. ಹೆಸರು ಕೇಳಿದ ಹೆಂಗಸು ರಕ್ತ ಕೊಡದೆ ಎದ್ದು ಹೋಗಿದ್ದನ್ನು ನಾನು ಗಮನಿಸಿದ್ದೆ. ಹೊಲಕ್ಕೆ ಹೊತ್ತಾಗಿರಬೇಕು ಎಂದುಕೊಂಡಿದ್ದೆ.

ಹತ್ತು ದಿನಕ್ಕೆ ಪಾರವ್ವನ ಗಂಡ ಚನ್ನಪ್ಪ ಫೋನು ಮಾಡಿದ. ಮಾತು ಕಡಿಮೆಯ ಮನುಷ್ಯ. “ಸವಿತಾನ ಸಂಬಂಧ ಮುರೀತ್ರಿ ಅಕ್ಕೋರ. ಹಂಸಭಾವಿಯವ್ರು ಬ್ಯಾಡ ಅಂತ ಹೇಳಿ ಕಳಿಸ್ಯಾರ. ನಿಮ್ಮ ಮನ್ಯಾಗ ರಕ್ತದಾಗ ರೋಗ ಐತಿ, ಡಾಕ್ಟರ ಬಂದು ಬರಕೊಂಡು ಹೋಗ್ಯಾರ ಅಂತಾರ. ಅವ್ರಿಗೆ ಯಾರು ಹೇಳಿದ್ರೋ ಏನೋ.”

ಹಂಸಭಾವಿ ಎಂಬ ಹೆಸರು ಕೇಳಿದ ಕೂಡಲೇ ಹೇಳಿದವಳು ನಾನೇ ಎಂದು ಹೊಳೆಯಿತು. ಮರುದಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ತಪ್ಪು ನನ್ನದೂ ಹೌದು. ನೀವು ಮಾತಾಡುವಾಗ ನಾನು ಅಲ್ಲೇ ಇದ್ದೆ, ತಡೀಲಿಲ್ಲ,” ಎಂದರು. ನಾನು ಹಂಸಭಾವಿಗೆ ಹೋಗಿ ತಿಳಿಸಿ ಹೇಳುತ್ತೇನೆ ಎಂದಾಗ ಮಾತ್ರ ಬೇಡವೆಂದರು. “ನೀವು ಹೋದರೆ ಅವರ ಅನುಮಾನ ಖಾತ್ರಿಯಾಗುತ್ತೆ ಅಷ್ಟೆ. ನಮ್ಮ ಹತ್ತಿರ ಹೇಳಕ್ಕೆ ಏನಿದೆ ಟೀಚರ್?”

ಆದರೂ ಹೋದೆ. ಸುಮ್ಮನೆ ಮನೆಯಲ್ಲಿ ಕೂರಲು ಆಗಲಿಲ್ಲ. ಹಾವೇರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಂಸಭಾವಿಯಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಹುಡುಗನ ಮನೆ ಹುಡುಕಿಕೊಂಡು ಹೋದರೆ ಅವನ ತಾಯಿ ನೀಲವ್ವ ಹೊಲದಲ್ಲಿದ್ದಾಳೆಂದರು, ಅಲ್ಲಿಗೇ ಹೋದೆ. ಹತ್ತಿಯ ಬೀಜದ ಪ್ಲಾಟು. ಆ ಸೀಮೆಯಲ್ಲಿ ಹೆಂಗಸರೇ ಕೂತು ಹೈಬ್ರಿಡ್ ಬೀಜ ಮಾಡುತ್ತಾರೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕಿತ್ತು ಹಾಕುತ್ತಾರೆ, ಬೆಳಗ್ಗೆ ಗಂಡು ಸಾಲಿನ ಹೂವನ್ನು ತಂದು ಅದಕ್ಕೆ ಮುಟ್ಟಿಸುತ್ತಾರೆ, ಗುರುತಿಗೆ ದಾರ ಕಟ್ಟುತ್ತಾರೆ. ಅದಕ್ಕೆ ಕ್ರಾಸಿಂಗ್ ಎಂದೇ ಹೆಸರು. ಮೊಗ್ಗು ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತಿದಳು. ಎರಡನೆಯ ಸಾಲಿನಲ್ಲಿ ಕೂತಿದ್ದವಳೇ.

“ಬರ್ರಿ ಅಕ್ಕೋರ,” ಎಂದಳು. “ನೀವು ಬರ್ತೀರಿ ಅಂತ ನನಗ ಅನಿಸಿತ್ತು.”

ಬದುವಿನ ಮೇಲೆ ಕೂತೆವು. ಹೆತ್ತವಳಿಗೆ ಇದ್ದದ್ದು ಮಗಳಿಗೆ ಬಂದೇ ತೀರುತ್ತದೆ ಎಂದಿಲ್ಲ, ಪಾರವ್ವನಿಗೇ ಏನೂ ಆಗಿಲ್ಲ, ಸವಿತಾ ಬಂಗಾರದಂಥ ಹುಡುಗಿ, ನಾನೇ ಅಕ್ಷರ ಕಲಿಸಿದ್ದೇನೆ ಎಂದೆಲ್ಲ ಹೇಳಿದೆ. ನೀಲವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಾಲುಗಳ ಕಡೆ ಕೈ ತೋರಿಸಿದಳು.

“ನಾವು ಬೀಜದ ಹೊಲದಾಗ ಮುದುಕ್ಯಾರಾದವ್ರು. ಹೆಣ್ಣು ಗಿಡದಾಗ ಇದ್ದದ್ದು ಬೀಜದಾಗ ಬರತೈತೋ ಇಲ್ಲೋ ನಮಗ ಗೊತ್ತಿಲ್ಲೇನ್ರಿ?”

“ಮನಷ್ಯಾರು ಹತ್ತಿ ಗಿಡ ಅಲ್ಲ ನೀಲವ್ವಾರ. ಬರಬಹುದು, ಬರದನೂ ಇರಬಹುದು.”

“ಹಂಗಾರ ಆ ಹುಡುಗಿಗೆ ಬರೂದಿಲ್ಲ ಅಂತ ಒಂದು ಕಾಗದದಾಗ ಬರದು ಕೊಡ್ರಿ. ನಾಳೆನ ಹೋಗಿ ತಪ್ಪಾತು ಅಂತ ಹೇಳಿ, ಉಡಿ ತುಂಬಿ ಬರ್ತೇನಿ.”

ಆಗದೆಂದು ನಾನು ತಲೆಯಾಡಿಸಿದೆ.

“ಬರತೈತಿ ಅಂತರ ಬರದು ಕೊಡ್ರಿ. ಮನಸ್ಸು ಗಟ್ಟಿ ಮಾಡ್ಕೊಂತೇನಿ.”

“ಅದನ್ನೂ ಬರದು ಕೊಡಾಕ ಬರೂದಿಲ್ರಿ.”

“ಎರಡೂ ಗೊತ್ತಿಲ್ಲಂದ್ರ ರಕ್ತ ಯಾಕ ತಗೊಂಡ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಸಾವಿರಾರು ಜನರ ರಕ್ತ, ಹತ್ತಾರು ವರ್ಷ, ಮುಂದೆ ಎಂದೋ ಯಾರಿಗೋ ಉಪಕಾರ. ಹುಡುಗಿಯೊಬ್ಬಳ ಮದುವೆ ಮುರಿದವರ ಹೊಲದ ಬದುವಿನ ಮೇಲೆ ಕೂತು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ನೀಲವ್ವನೇ ಮಾತು ಮುಂದುವರಿಸಿದಳು. ಅವಳ ತಂಗಿ ಇದೇ ರೋಗದಲ್ಲಿ ಎರಡು ಕೂಸು ಬಿಟ್ಟು ಹೋಗಿದ್ದಳಂತೆ. “ಅವೆರಡನ್ನೂ ನಾನ ಬೆಳಸೇನಿ. ಸಣ್ಣದು ಆರು ತಿಂಗಳ ತನಕ ಅವ್ವನ ಸೀರಿ ವಾಸನಿ ಇಲ್ಲದ ಮಲಗ್ತಿದ್ದಿಲ್ಲ. ನನ್ನ ಮಗನ ಮನ್ಯಾಗ ಹಂಗಾಗೂದು ಬ್ಯಾಡ್ರಿ. ನಾ ಕೆಟ್ಟಾಕಿ ಅಂತ ತಿಳಕೊಂಡ್ರ ತಿಳಕೋರಿ.”

ಕೆಟ್ಟವಳೆಂದು ತಿಳಿದುಕೊಳ್ಳಲು ನನಗೆ ಸಾಧ್ಯವಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನಗೆ ಕುಡಿಯಲು ನೀರು ಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದಳು.

ಅಲ್ಲಿಂದ ಮೂರನೆಯ ದಿನ ಹತ್ತಿಮತ್ತೂರಿಗೆ ಹೋದೆ. ಪಾರವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಸವಿತಾ ಒಳಗಿದ್ದಳು, ಪರೀಕ್ಷೆ ಹತ್ತಿರವಿದ್ದರೂ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದಳು.

“ಹಂಸಭಾವಿಯಾಗ ಹೇಳಿದಾಕಿ ನಾನ ಪಾರವ್ವ,” ಎಂದೆ. ಹೇಗೆ, ಎಲ್ಲಿ, ಯಾಕೆ ಎಂಬುದನ್ನೂ ಹೇಳಿದೆ.

ಅವಳ ಕೈ ನಿಂತಿತು. “ಹೆಸರು ಹೇಳಿದ್ರೇನ್ರಿ?”

“ಇಲ್ಲ.”

“ಮತ್ತ ಏನ ಹೇಳಿದ್ರಿ?”

“ಊರು ಹೇಳಿದೆ. ಮೂರು ಮಂದಿ ಅಂದೆ. ಮಗಳು ಬಿ.ಎಡ್. ಅಂದೆ.”

ಅವಳು ಒಂದು ಕಾಯಿ ಸುಲಿದು ಬೀಜವನ್ನು ಮೊರಕ್ಕೆ ಹಾಕಿದಳು. “ಅಕ್ಕೋರು ಕೇಳ್ಯಾರ ಅಂತ ಕೊಟ್ಟೆ ನಾ,” ಎಂದಳು. ಅಷ್ಟೇ. ಬಯ್ದಿದ್ದರೆ, ಎದ್ದು ಹೋಗಿರೆಂದು ಹೇಳಿದ್ದರೆ ನಾನು ಹೋಗುತ್ತಿದ್ದೆ. ಅವಳು ಇನ್ನೊಂದು ಕಾಯಿ ತೆಗೆದುಕೊಂಡಳು.

ನಿಮ್ಮ ರಕ್ತವನ್ನು ವಾಪಸು ತೆಗೆಸಬಹುದು, ಒಂದು ಸಹಿ ಹಾಕಿದರೆ ಅದನ್ನು ಚೆಲ್ಲಿಬಿಡುತ್ತಾರೆ, ಕಾಗದವನ್ನೂ ಹರಿಯುತ್ತಾರೆ ಎಂದೆ. ನನ್ನ ಕೈಯಿಂದ ಆಗುವುದು ಅದೊಂದೇ ಉಳಿದಿತ್ತು.

“ಚೆಲ್ಲಿದ್ರ ಹಂಸಭಾವಿಯವ್ರು ತಿರುಗಿ ಬರ್ತಾರೇನ್ರಿ?”

“ಇಲ್ಲ.”

“ಹಂಗಾರ ಇರಲಿ ಬಿಡ್ರಿ.” ಮೊರವನ್ನು ಅತ್ತ ಸರಿಸಿ ಕೇಳಿದಳು. “ಅದರದು ಉತ್ತರ ಬಂತೇನ್ರಿ?”

ಮದುವೆ ಮುರಿದ ಮೇಲೂ ಅವಳು ಅದನ್ನೇ ಕಾಯುತ್ತಿದ್ದಳು. ಅಂದು ಮೊದಲ ಸಲ ನಿಧಾನವಾಗಿ, ಅವಳ ಮುಖ ನೋಡುತ್ತ, ಅರ್ಥವಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತ, ಆ ಉತ್ತರ ಅವಳ ಮನೆಗೆ ಎಂದೂ ಬರುವುದಿಲ್ಲವೆಂದು ತಿಳಿಸಿದೆ. ಮಿರಗಾ ಮಳೆಯಲ್ಲಿ ಹೀಗೆಯೇ ಹೇಳಬೇಕಿತ್ತು.

ಹೊರಡುವಾಗ ಸವಿತಾ ಬಾಗಿಲಿಗೆ ಬಂದಳು. ಅತ್ತು ಕೆಂಪಾದ ಕಣ್ಣು. ಚಿಕ್ಕಂದಿನಿಂದ ನನ್ನೆದುರು ತಲೆ ಎತ್ತಿ ಮಾತಾಡದವಳು.

“ಅಕ್ಕೋರ, ನೀವು ನನ್ನ ರಕ್ತ ತಗೊಂಡಿಲ್ಲ. ನನ್ನ ಕೇಳೂ ಇಲ್ಲ. ಆದ್ರ ಈಗ ಊರ ತುಂಬ ನನ್ನ ರಕ್ತದ್ದ ಮಾತು.”

ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ.

ದೀಪಾವಳಿ ಕಳೆದ ಮೇಲೆ ಆ ಕೆಲಸ ಬಿಟ್ಟೆ. ಡಾಕ್ಟರು ಎರಡು ಸಲ ಮನೆಗೆ ಬಂದು ಕರೆದರು. ಈಗ ಒಪ್ಪಿಗೆ ಪತ್ರ ಓದಲು ಬೇರೆ ರೀತಿ ಮಾಡಿದ್ದೇವೆ, ಶಿಬಿರದಲ್ಲಿ ಯಾರ ಉದಾಹರಣೆಯನ್ನೂ ಕೊಡಬಾರದೆಂದು ಬರೆದು ಹಾಕಿದ್ದೇವೆ ಎಂದರು. ಒಳ್ಳೆಯದು ಎಂದೆ. ಸಂಶೋಧನೆ ಇನ್ನೂ ನಡೆದಿದೆ. ಅದು ಬೇಕು ಎಂದು ನಾನು ಈಗಲೂ ನಂಬುತ್ತೇನೆ, ಅವರು ಕರೆದಾಗ ಹೋಗಿ ನನ್ನ ರಕ್ತ ಕೊಟ್ಟು ಬರುತ್ತೇನೆ. ಬೇರೆಯವರನ್ನು ಕೇಳಲು ಮಾತ್ರ ಬಾಯಿ ಬರುವುದಿಲ್ಲ.

ಸವಿತಾ ಪರೀಕ್ಷೆಗೆ ಕೂತು ಪಾಸಾದಳೆಂದು, ಹಾನಗಲ್ಲಿನ ಒಂದು ಶಾಲೆಯಲ್ಲಿ ಟೀಚರಾದಳೆಂದು ಯಾರಿಂದಲೋ ಕೇಳಿದ್ದೆ. ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅವಳೇ ನನ್ನ ಹತ್ತಿರ ಬಂದು ಮಾತಾಡಿಸಿದಳು. ಸೀರೆ ಉಟ್ಟಿದ್ದಳು, ಹೆಗಲಿಗೆ ಮಕ್ಕಳ ನೋಟ್‌ಬುಕ್ಕುಗಳ ಚೀಲ. ಊರಿಗೆ ಹೊರಟಿದ್ದಳು. ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

“ಅರಾಮ ಅದಾಳ್ರಿ. ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಕರಕೊಂಡು ಹೋಗಿ ತೋರಸ್ತೇನಿ. ನಾನೂ ತೋರಿಸ್ಕೊಂತೇನಿ.”

ಮದುವೆಯ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವಳೇ ಹೇಳಿದಳು, ಕಣ್ಣನ್ನು ಬಸ್ಸು ಬರುವ ದಾರಿಯ ಕಡೆ ಇಟ್ಟುಕೊಂಡು.

“ಈಗ ಯಾರರ ನೋಡಾಕ ಬಂದ್ರ, ಚಹಾ ತರೂಕ್ಕಿಂತ ಮೊದಲ ನಾನ ಹೇಳಿಬಿಡ್ತೇನಿ ಅಕ್ಕೋರ. ನಮ್ಮ ಅಜ್ಜಿಗೆ ಇತ್ತು, ಸಣ್ಣಜ್ಜಿಗೆ ಇತ್ತು, ದೊಡ್ಡವ್ವಗ ಇತ್ತು ಅಂತ. ಹಿಂದಿನಿಂದ ಯಾರೂ ಹೇಳೂದು ಬ್ಯಾಡ.”

“ಅವ್ರು ಏನಂತಾರ?”

“ಒಳ್ಳೇ ಮಂದಿನ ಬರ್ತಾರ. ಒಳ್ಳೇ ಮಾತು ಆಡ್ತಾರ.” ಸ್ವಲ್ಪ ನಕ್ಕಳು. “ಚಹಾ ಕುಡಿಯೂತನಕ ಮಾತ್ರ ಇನ್ನೂ ಯಾರೂ ಕುಂತಿಲ್ಲ.”

ಅಷ್ಟರಲ್ಲಿ ಸವಣೂರಿನ ಬಸ್ಸು ಬಂತು. ಶನಿವಾರದ ಗದ್ದಲ. ಜನ ಬಾಗಿಲಿಗೆ ಮುಗಿಬಿದ್ದರು, ಸವಿತಾ ಅವರ ನಡುವೆ ನುಗ್ಗಿ ಹತ್ತಿದಳು. ನಾನು ಮುಂದಿನ ಬಸ್ಸಿಗೆ ಹೋಗೋಣವೆಂದು ಹಿಂದೆ ಸರಿದು ನಿಂತೆ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಬರ್ರಿ ಅಕ್ಕೋರ, ಜಾಗಾ ಹಿಡದೇನಿ.”

ಹತ್ತಿದೆ. ಅವಳು ನೋಟ್‌ಬುಕ್ಕಿನ ಚೀಲವನ್ನು ಸೀಟಿನಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಅವಳ ಪಕ್ಕದಲ್ಲಿ ಕೂತೆ. ಬಂಕಾಪುರ ದಾಟಿತು. ಸವಣೂರು ಬರುವತನಕ ಅವಳು ಮಕ್ಕಳ ನೋಟ್‌ಬುಕ್ಕು ತಿದ್ದಿದಳು, ತಿದ್ದಿದ್ದನ್ನು ನಾನು ಹಿಡಿದುಕೊಂಡೆ.